ಮಾಂಸದಂಗಡಿಯವನ ಮಧ್ಯಾಹ್ನದೂಟ

— ಅಣಬೆ! ಮಾಂಸದಂಗಡಿಯವನ ಡಬ್ಬಿಯಲ್ಲಿ ಅಣಬೆ! ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣೇ.

— ಯಾರೂ ಕೇಳಲ್ಲ. ನೀವು ಹೀಗೆ ಬೀದಿಗೆ ಕೇಳೋ ಹಾಗೆ ಕಿರುಚದೆ ಇದ್ರೆ.

— ನಿನ್ನೆ ಅಣಬೆ. ಮೊನ್ನೆ ಅಣಬೆ. ರಾತ್ರಿಯಾದ್ರೆ ಕಾಳು.

— ರಾತ್ರಿ ಕಾಳಿನ ಜೊತೆ ಸೊಪ್ಪೂ ಇತ್ತು. ಅದನ್ನ ಯಾಕೆ ಬಿಟ್ರಿ?

— ಬಿಟ್ಟಿಲ್ಲ, ತಿಂದೆ. ಅದೇ ನನ್ನ ದುಃಖ.

ಅಂಗಡಿಯ ಷಟರು ಇನ್ನೂ ಅರ್ಧಕ್ಕೇ ನಿಂತಿತ್ತು. ಅದರಡಿಯಿಂದ ನುಸುಳಿ ಬಂದ ಬೆಳಗಿನ ಬಿಸಿಲು, ಆಗ ತಾನೇ ತೊಳೆದ ನೆಲದ ಮೇಲೆ ಒದ್ದೆಯಾಗಿ ಮಲಗಿತ್ತು. ಒಳಗೆ ಗಂಡ ಕತ್ತಿ ಮಸೆಯುತ್ತಿದ್ದ. ಹೆಂಡತಿ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವನು ತೆಗೆದುಕೊಳ್ಳುವವರೆಗೂ ಅಲ್ಲಾಡುವುದಿಲ್ಲ ಎನ್ನುವಂತೆ ನಿಂತಿದ್ದಳು. ಬೀದಿಯವರೆಲ್ಲ ಅವನನ್ನು ಕಂಬಣ್ಣ ಎನ್ನುತ್ತಿದ್ದರು. ಆ ಎತ್ತರ, ಆ ಭುಜ, ಮರದ ಕೊರಡಿನ ಮುಂದೆ ಕತ್ತಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ನಿಂತ ಕಡೆಯೇ ನಿಲ್ಲುವ ಆ ರೀತಿ ಕಂಡವರು ಇನ್ನೇನು ತಾನೇ ಹೆಸರಿಟ್ಟಾರು! ಆದರೆ ಹೆಂಡತಿಯ ಎದುರು ಕಂಬ ಯಾವಾಗಲೂ ಸ್ವಲ್ಪ ವಾಲಿಯೇ ನಿಲ್ಲುತ್ತಿತ್ತು.

— ಡಾಕ್ಟರಮ್ಮ ಅಂದಿದ್ದು ಏನು? ಸಕ್ಕರೆ ಅಂಚಿನಲ್ಲಿದೆ ಅಂದ್ರು. ಅಂಚಿನಲ್ಲಿದೆ ಅಂದ್ರೆ ಇನ್ನೂ ದಾಟಿಲ್ಲ ಅಂತ.

— ಮಹಡಿ ಅಂಚಿನಲ್ಲಿ ನಿಂತೋನೂ ಹಾಗೇ ಹೇಳ್ತಾನೆ. ಇನ್ನೂ ಬಿದ್ದಿಲ್ವಲ್ಲ ಅಂತ.

— ಸಕ್ಕರೆ ಕಾಯಿಲೆಗೆ ಸಕ್ಕರೆ ಬಿಡು ಅನ್ನಲಿ, ಒಪ್ತೀನಿ. ಬಿಟ್ಟೆ. ಸಿಹಿ ಬಿಟ್ಟೆ. ಟೀ ಕುಡಿದ್ರೆ ಬಿಸಿನೀರು ಕುಡಿದ ಹಾಗಿರುತ್ತೆ, ಆದ್ರೂ ಕುಡಿದೆ. ಮಾಂಸ ಏನು ಮಾಡಿತ್ತು? ಮಾಂಸ ಯಾವತ್ತಾದ್ರೂ ಸಿಹಿಯಾಗಿತ್ತಾ?

— ದಿನಾ ರಾಶಿ ರಾಶಿ ಕೆಂಪು ಮಾಂಸ ತಿನ್ನೋ ದೊಡ್ಡವರಿಗೆ ಈ ಕಾಯಿಲೆ ಬರೋ ಅಪಾಯ ಜಾಸ್ತಿ ಅಂತ ಅವರು ಬಿಡಿಸಿ ಬಿಡಿಸಿ ಹೇಳ್ಲಿಲ್ವಾ? ಉಪ್ಪು ಹಾಕಿ ಒಣಗಿಸಿದ್ದು, ಹೊಗೆ ಹಾಕಿದ್ದು ಇನ್ನೂ ಕೆಟ್ಟದ್ದಂತೆ. ಅದೊಂದೇ ಕಾರಣ ಅಲ್ಲ, ಮೈತೂಕ ಇದೆ, ಕೂತಲ್ಲೇ ಕೂರೋದಿದೆ, ಮನೆತನದಲ್ಲಿ ಬಂದಿರೋದಿದೆ ಅಂತಾನೂ ಹೇಳಿದ್ರು. ನೀವು ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡ್ತಾ ಕೂತಿದ್ರಿ.

— ಕುರಿ ಏನು ತಿನ್ನುತ್ತೆ ಹೇಳು.

— ಹುಲ್ಲು.

— ಹುಲ್ಲು ತಿಂದ ಕುರೀನ ನಾನು ತಿಂದ್ರೆ, ನಾನು ತಿಂದಿದ್ದೂ ಲೆಕ್ಕಕ್ಕೆ ಹುಲ್ಲೇ ತಾನೇ? ಮಧ್ಯದಲ್ಲಿ ಕುರಿ ಬಂತು, ಅಷ್ಟೇ.

— ಹಾಗಾದ್ರೆ ಪಾಪ ಕುರಿಗೆ ಯಾಕೆ ತೊಂದರೆ? ನೇರವಾಗಿ ಸೊಪ್ಪೇ ತಿನ್ನಿ.

ಕಂಬಣ್ಣ ಕತ್ತಿಯ ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಕತ್ತಿ ಚೂಪಾಗಿತ್ತು. ಅಂಗಡಿಯೊಳಗೆ ಚೂಪಾಗಿದ್ದದ್ದು ಅದೊಂದೇ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಇನ್ನೊಂದು ದಾರಿ ಹಿಡಿದ.

— ಪೂರ್ತಿ ಬಿಡಿ ಅಂದ್ರಾ ಅವರು? ಇಲ್ಲ. ಆವಾಗೀವಾಗ ಅಂಗೈ ಅಗಲದ ಒಂದು ತುಂಡು ತಿನ್ನಬಹುದು ಅಂದ್ರು. ಆಗ ಮಾತ್ರ ನಾನು ಕ್ಯಾಲೆಂಡರ್ ನೋಡ್ತಿರಲಿಲ್ಲ.

ಹೀಗೆಂದು ಕತ್ತಿ ಕೆಳಗಿಟ್ಟು ಅಂಗೈ ಚಾಚಿದ. ಅದು ಸಣ್ಣದೊಂದು ತಟ್ಟೆಯಷ್ಟಿತ್ತು.

— ಇದೇ ಅಂಗೈ. ಅಳತೆ ತಗೋ.

— ಅವರು ಹೇಳೋವಾಗ ಕೈ ಎತ್ತಿ ತೋರಿಸಿದ್ರು. ಅವರ ಕೈ. ಒಂದು ಬಿಸ್ಕತ್ತು ಇಟ್ರೆ ತುಂಬಿಹೋಗುತ್ತೆ.

— ಕಾಯಿಲೆ ನನ್ನದು, ಅಂಗೈ ಅವರದ್ದಾ?

— ಬುದ್ಧೀನೂ ಅವರದ್ದೇ. ತಗೊಳ್ಳಿ ಡಬ್ಬಿ.

ಅವನು ತೆಗೆದುಕೊಳ್ಳಲಿಲ್ಲ. ಅವನ ಕಣ್ಣು ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಹೋಗಿ ಕೂತಿತ್ತು. ಅಂಗಡಿಯ ನಿಜವಾದ ಬೋರ್ಡು ಬಾಗಿಲ ಮೇಲಿರಲಿಲ್ಲ. ಆ ಸ್ಟೂಲೇ ಅದರ ಬೋರ್ಡು. ಅವನ ಅಪ್ಪ ಮಧ್ಯಾಹ್ನವಾದರೆ ಅದರ ಮೇಲೆ, ಬೀದಿಗೆ ಕಾಣುವಂತೆ ಕೂತು, ಆ ದಿನ ಮಾರುವ ಮಾಂಸವನ್ನೇ ತಾನೂ ಊಟ ಮಾಡುತ್ತಿದ್ದ. 'ನಾನು ತಿನ್ನದ್ದನ್ನು ನಿಮಗೆ ಮಾರೋದಿಲ್ಲ' ಎಂದು ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳುತ್ತಿದ್ದ. ಜನ ನಂಬಿದರು. ಅಪ್ಪನ ನಂತರ ಮಗ ಕೂತ. ಸ್ಟೂಲು ಒಂದು ಮಧ್ಯಾಹ್ನ ಖಾಲಿಯಿದ್ದರೆ ಗಿರಾಕಿಗಳು ಬಾಗಿಲಲ್ಲೇ ನಿಂತು, ಇವತ್ತು ಮಾಲು ಸರಿ ಇಲ್ವಾ ಎಂದು ಮೂಗು ಅರಳಿಸುತ್ತಿದ್ದರು.

— ನನ್ನ ಮಾತು ಹೋಗುತ್ತೆ ಕಣೇ. ತಿನ್ನೋದು ಅಣಬೆ, ಮಾರೋದು ಕುರಿ. ಅಪ್ಪ ಇದ್ದಿದ್ರೆ ಏನನ್ನೋರು?

— ಮಾವನ ಕೊನೆಗಾಲ ನೋಡಿದವಳು ನಾನು. ಇದೇ ಕಾಯಿಲೆ ಅಲ್ವಾ ಅವರನ್ನ ತಗೊಂಡು ಹೋಗಿದ್ದು? ಅವರು ಇದ್ದಿದ್ರೆ ಡಬ್ಬಿ ಖಾಲಿ ಮಾಡು ಅನ್ನೋರು.

ಹೆಂಡತಿಯ ದನಿ ತಗ್ಗಿತು.

— ನಿಮ್ಮ ಮರ್ಯಾದೆ ನನಗೂ ಮರ್ಯಾದೆ ಅಲ್ವಾ? ಅದಕ್ಕೇ ಮಾಂಸಕ್ಕೆ ಹಾಕೋ ಮಸಾಲೇನೇ ಹಾಕಿದೀನಿ. ದಪ್ಪ ದಪ್ಪ ಹೆಚ್ಚಿದೀನಿ. ಕಪ್ಪಗೆ ಹುರಿದಿದೀನಿ. ಕಿಟಕಿ ಆಚೆಯಿಂದ ನೋಡಿದೋರಿಗೆ ಏನು ಗೊತ್ತಾಗುತ್ತೆ? ಇಷ್ಟು ದಿನ ಯಾರಿಗಾದ್ರೂ ಗೊತ್ತಾಯ್ತಾ?

ಕಂಬಣ್ಣ ನಿಟ್ಟುಸಿರು ಬಿಟ್ಟು ಡಬ್ಬಿ ತೆಗೆದುಕೊಂಡ. ಷಟರು ಎತ್ತಿದ.

ಮಧ್ಯಾಹ್ನ ಬೀದಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾಗ ಅವನು ಸ್ಟೂಲಿನ ಮೇಲೆ ಕೂತು ತಟ್ಟೆ ಮುಂದಿಟ್ಟುಕೊಂಡ. ಎದುರು ಸಾಲಿನಲ್ಲಿ ವಾಚು ರಿಪೇರಿಯವರ ಪುಟ್ಟ ಅಂಗಡಿ, ಅದರ ಪಕ್ಕದಲ್ಲೇ ಅವರ ಹೆಂಡತಿಯ ಹೊಲಿಗೆಯ ಕೋಣೆ. ಹೊಲಿಗೆ ಯಂತ್ರದ ಸದ್ದು ನಿಂತಿತು. ಕುತ್ತಿಗೆಗೆ ಟೇಪು, ಕಾಲರಿಗೆ ಗುಂಡುಸೂಜಿಗಳನ್ನು ಸಿಕ್ಕಿಸಿಕೊಂಡ ಟೈಲರಮ್ಮ ಬೀದಿ ದಾಟಿ ಸೀದಾ ಒಳಗೆ ಬಂದಳು.

— ಬನ್ನಿ ಟೈಲರಮ್ಮ, ಏನು ಕೊಡಲಿ? ತೊಡೆನಾ, ಪಕ್ಕೆನಾ?

ಟೈಲರಮ್ಮ ಅವನ ತಟ್ಟೆಯತ್ತ ಬೆರಳು ತೋರಿಸಿದಳು.

— ಅದು.

— ಯಾವುದು?

— ಅಣ್ಣ, ನೀವು ತಿಂತಿದೀರಲ್ಲ, ಅದು. ಯಾವ ಭಾಗ ಅದು?

ಕಂಬಣ್ಣನ ತುತ್ತು ಗಂಟಲಲ್ಲೇ ನಿಂತು ಯೋಚನೆ ಮಾಡಿತು. ಕೌಂಟರಿನ ಹಿಂದೆ ಪೊಟ್ಟಣ ಕಟ್ಟುತ್ತಿದ್ದ ಹೆಂಡತಿಯ ಕೈಯೂ ನಿಂತಿತು.

— ಇದಾ? ಇದು... ಭುಜದ್ದು.

— ಭುಜದ್ದು ನಾರುನಾರಾಗಿರುತ್ತೆ. ಇದು ಮುಟ್ಟಿದ್ರೆ ಮುರೀತಿದೆ.

— ಭುಜ ಅಂದ್ರೆ ಪೂರ್ತಿ ಭುಜ ಅಲ್ಲ. ಭುಜ ಮುಗಿದ ಮೇಲೆ, ಕುತ್ತಿಗೆ ಶುರು ಆಗೋಕೆ ಮುಂಚೆ.

— ಭುಜ ಮುಗಿದ ಮೇಲೆ ಕಾಲರು ಬರುತ್ತೆ ಅಣ್ಣ. ಅಲ್ಲಿ ಇಷ್ಟು ದಪ್ಪ ಯಾವ ಮಾಂಸ ಇರುತ್ತೆ?

— ಕುರಿ ಕಾಲರು ಹಾಕಲ್ಲ ತಾಯಿ. ಅದಕ್ಕೇ ಜಾಗ ಇರುತ್ತೆ.

ಹೆಂಡತಿಗೆ ಇನ್ನು ಸುಮ್ಮನಿರಲಾಗಲಿಲ್ಲ. ಮುಳುಗುತ್ತಿರುವ ಗಂಡನಿಗೆ ಅವಳು ಹಗ್ಗವೆಂದುಕೊಂಡು ಕಲ್ಲನ್ನೇ ಎಸೆದಳು.

— ಅವರಿಗೇನು ಗೊತ್ತು ಟೈಲರಮ್ಮ, ತಿನ್ನೋದೊಂದು ಗೊತ್ತು. ಅದು ಲಿವರು.

— ಭುಜದಲ್ಲಿ ಲಿವರಾ ಅತ್ತಿಗೆ?

— ಲಿವರೂ ಇದೆ, ಭುಜಾನೂ ಇದೆ. ಮಿಕ್ಸು, ಎಂದ ಕಂಬಣ್ಣ ಅವಸರದಲ್ಲಿ.

ಟೈಲರಮ್ಮ ತಟ್ಟೆಯ ಮೇಲೆ ಬಾಗಿದಳು. ಬಟ್ಟೆಯಲ್ಲಿ ಒಂದೇ ಒಂದು ಹೊಲಿಗೆ ತಪ್ಪಿದ್ದರೂ ದೂರದಿಂದ ಕಂಡುಹಿಡಿಯುವ ಕಣ್ಣು ಅದು.

— ಹಾಗಾದ್ರೆ ಇದೇನು? ಈ ತುದೀಲಿರೋದು. ಕೊಡೆ ಥರ ಇದೆಯಲ್ಲ, ಮೇಲೆ ಗುಂಡಗೆ, ಕೆಳಗೆ ಹಿಡಿ.

— ಅದು ಮಂಡಿ ಚಿಪ್ಪು.

— ಈಗ ತಾನೇ ಅಂಥದ್ದೇ ಒಂದನ್ನ ಹಲ್ಲಲ್ಲಿ ಕಡಿದ್ರಿ. ಮಂಡಿ ಚಿಪ್ಪನ್ನ?

— ಎಳೇ ಕುರಿ.

ಟೈಲರಮ್ಮ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟಳು. ಹೀಗೆ ನಿಂತಾಗ ಬೀದಿಯ ಯಾವ ಗಂಡಸೂ ತನ್ನ ಪ್ಯಾಂಟಿನ ಅಳತೆಯ ಬಗ್ಗೆ ವಾದ ಮಾಡುತ್ತಿರಲಿಲ್ಲ.

— ಸರಿ ಬಿಡಿ, ಭಾಗ ಹೇಳೋದು ಬೇಡ. ಈ ಏಪ್ರನ್ ಹೊಲಿದಿದ್ದು ಯಾರು?

— ನೀವೇ.

— ಅದರ ದಾರ ಹಿಂದೆ ಗಂಟು ಹಾಕೋಕೆ ಒದ್ದಾಡ್ತಿದ್ರಿ. ದಾರ ಚಿಕ್ಕದಾಯ್ತು ಅಂತ ನನಗೇ ಬೈದಿದ್ರಿ. ಈಗ ಅದೇ ದಾರ ಹಿಂದಿನಿಂದ ಸುತ್ತಿ ಮುಂದೆ ಬಂದು ಹೊಟ್ಟೆ ಮೇಲೆ ಹೂವಿನ ಹಾಗೆ ಕೂತಿದೆ. ಅಂದ್ರೆ ಏನರ್ಥ? ನೀವು ತಿಂತಿರೋದು ತಟ್ಟೆ ತುಂಬ ಮಾಂಸ. ಆಗ್ತಿರೋದು ಸಣ್ಣ. ತಿಂದ್ರೆ ಸಣ್ಣಗಾಗೋ ಮಾಂಸ ಒಂದಿದೆ. ಅದನ್ನ ನಮಗೆಲ್ಲ ಮುಚ್ಚಿಟ್ಟು ನೀವೊಬ್ರೇ ತಿಂತಿದೀರಿ!

— ಅಯ್ಯೋ ಇಲ್ಲ ಕಣಮ್ಮ!

— ನಾವು ತಿನ್ನೋದನ್ನೇ ಮಾರ್ತೀವಿ ಅಂತ ನಿಮ್ಮಪ್ಪ ಹೇಳ್ತಿದ್ರು. ಆ ಒಂದು ಮಾತಿಗೇ ಅಲ್ವಾ ನಾವೆಲ್ಲ ಇಲ್ಲಿಗೆ ಬರೋದು? ಈಗ ಒಳ್ಳೇದು ಸ್ಟೂಲಿಗೆ, ಮಿಕ್ಕಿದ್ದು ನಮಗೆ!

ಆ ಮಾತು ಕಂಬಣ್ಣನಿಗೆ ಸರಿಯಾಗಿ ನಾಟಿತು. ಮಾಂಸ ಎಂದರೆ ಸುಳ್ಳು ಹೇಳಿದಂತೆ. ಅಣಬೆ ಎಂದರೆ ಇಷ್ಟು ದಿನ ಸುಳ್ಳು ತಿಂದಂತೆ. ಎರಡು ತಲೆಮಾರಿನ ಮಾತು ಆ ತಟ್ಟೆಯಲ್ಲಿ ತಣ್ಣಗಾಗುತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಅವನ ಚಮಚವನ್ನೇ ತೆಗೆದುಕೊಂಡು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡಿದ್ದಳು. ಗಂಡ ಹೆಂಡತಿ ಇಬ್ಬರೂ ಅವಳ ದವಡೆಯನ್ನೇ ನೋಡುತ್ತ ಉಸಿರು ಹಿಡಿದರು.

ಅವಳ ಕಣ್ಣು ಮೆಲ್ಲಗೆ ಮುಚ್ಚಿತು.

— ಅಣ್ಣ, ಇಂಥ ಮಾಂಸ ನಾನು ಹುಟ್ಟಿದಾಗಿನಿಂದ ತಿಂದಿಲ್ಲ. ಒಂದು ಕಿಲೋ ಕಟ್ಟಿ.

— ಟೈಲರಮ್ಮ, ಅದು ಅಣಬೆ.

— ಆಹಾ.

— ನಿಜವಾಗ್ಲೂ ಅಣಬೆ.

— ಕೊಡಕ್ಕೆ ಮನಸ್ಸಿಲ್ಲ ಅಂದ್ರೆ ಇಲ್ಲ ಅನ್ನಿ. ಮಾಂಸದಂಗಡೀಲಿ ಕೂತು, ಮಾಂಸ ಅಗೀತಾ, ಅಣಬೆ ಅಂತೀರಲ್ಲ! ನಾನು ನಿಮಗೆ ಷರ್ಟು ಕೊಟ್ಟು ಇದು ಕಾಗದ ಅಂದ್ರೆ ನಂಬ್ತೀರಾ?

— ಹೌದು ಟೈಲರಮ್ಮ, ಅಣಬೇನೇ, ನಾನೇ ಮಾಡಿದ್ದು, ಎಂದಳು ಹೆಂಡತಿ.

— ನೀವು ಸುಮ್ನಿರಿ ಅತ್ತಿಗೆ, ಈಗ ತಾನೇ ಲಿವರು ಅಂದ್ರಿ. ಗಂಡ ಹೆಂಡತಿ ಮೊದಲು ಒಂದು ಭಾಗಕ್ಕೆ ಬನ್ನಿ, ಆಮೇಲೆ ನನ್ನ ಹತ್ತಿರ ಬನ್ನಿ.

ಕಂಬಣ್ಣ ಎದ್ದ. ಜನ್ಮದಲ್ಲಿ ಮೊದಲ ಸಲ ನಿಜ ಹೇಳುವುದಕ್ಕೆ ಸಾಕ್ಷಿ ಬೇಕಾಗಿತ್ತು. ತಣ್ಣನೆಯ ಪೆಟ್ಟಿಗೆಯ ಬಾಗಿಲು ತೆಗೆದು, ತೂಗುಹಾಕಿದ್ದ ತೊಡೆ ಪಕ್ಕೆಗಳನ್ನೆಲ್ಲ ಸರಿಸಿ, ಕೊನೆಯ ಮೂಲೆಯಿಂದ, ನಾಳೆಯ ಡಬ್ಬಿಗೆಂದು ಹೆಂಡತಿ ಪೇಪರಿನಲ್ಲಿ ಸುತ್ತಿಟ್ಟಿದ್ದ ಒಂದು ಪೊಟ್ಟಣ ತಂದ. ಕೊರಡಿನ ಮೇಲೆ ಬಿಡಿಸಿದ. ಬೆಳ್ಳಗೆ, ದುಂಡಗೆ, ಏನೂ ಅರಿಯದ ಮಕ್ಕಳ ಮುಖದಂತೆ ಹಸಿ ಅಣಬೆಗಳು ಉರುಳಿದವು. ಒಂದನ್ನು ನಿಲ್ಲಿಸಿ ದೊಡ್ಡ ಕತ್ತಿ ಎತ್ತಿ ಹೊಡೆದ. ಮೂಳೆ ಮುರಿಯುವ ಕತ್ತಿ ಅಷ್ಟು ಮೆತ್ತನೆಯದರ ಮೇಲೆ ಇಳಿದಾಗ ಅಣಬೆಯಿಂದ ಸದ್ದೇ ಬರಲಿಲ್ಲ, ಬಂದದ್ದು ಕೊರಡಿನಿಂದ.

ಟೈಲರಮ್ಮ ಎರಡು ಹೋಳನ್ನೂ ಜೋಡಿಸಿ ನೋಡಿದಳು. ಮೇಲೆ ಗುಂಡಗೆ, ಕೆಳಗೆ ಹಿಡಿ.

— ಮಂಡಿ ಚಿಪ್ಪು, ಎಂದಳು.

— ಮಂಡಿ ಚಿಪ್ಪು, ಎಂದು ಒಪ್ಪಿಕೊಂಡ ಕಂಬಣ್ಣ.

— ಯಾಕಣ್ಣ?

— ಸಕ್ಕರೆ. ಅಂಚಿನಲ್ಲಿದೆ ಅಂದ್ರು. ಮಾಂಸ ಕಮ್ಮಿ ಮಾಡಿ ಅಂದ್ರು. ಗಿರಾಕಿಗಳಿಗೆ ಗೊತ್ತಾದ್ರೆ, ಇವನೇ ತಿನ್ನಲ್ಲ, ನಮಗ್ಯಾಕೆ ಮಾರ್ತಾನೆ ಅಂತಾರಲ್ಲ ಅಂತ...

ಬೈಗುಳಕ್ಕೆ ಕಂಬಣ್ಣ ಭುಜ ಗಟ್ಟಿ ಮಾಡಿಕೊಂಡ. ಬೈಗುಳ ಬಂತು, ಆದರೆ ಅವನು ಕಾಯುತ್ತಿದ್ದ ದಿಕ್ಕಿನಿಂದಲ್ಲ.

— ಎಷ್ಟು ದಿನದಿಂದ ನಡೀತಿದೆ ಇದು? ಗೊತ್ತಾ ನಿಮಗೆ, ನಮ್ಮನೇಲಿ ಏನಾಗ್ತಿದೆ ಅಂತ? ನಮ್ಮೆಜಮಾನ್ರಿಗೂ ಇದೇ ಸಕ್ಕರೆ! ಅಂಚು ಅಲ್ಲ, ದಾಟಿಯಾಗಿದೆ. ಕಮ್ಮಿ ತಿನ್ನಿ ಅಂತ ನಾನು ಬೇಡ್ಕೊಂಡೆ, ಕಣ್ಣೀರು ಹಾಕ್ದೆ, ತಟ್ಟೆ ಕಿತ್ಕೊಂಡೆ. ಅವರದ್ದು ಒಂದೇ ಮಾತು. ಕಂಬಣ್ಣನ್ನ ನೋಡು. ದಿನಾ ತಿಂತಾನೆ. ತಟ್ಟೆ ತುಂಬ ತಿಂತಾನೆ. ಏನಾಗಿದೆ ಅವನಿಗೆ? ದಿನಾ ಮಧ್ಯಾಹ್ನ ಲೆನ್ಸು ಕಣ್ಣಿಗೆ ಸಿಕ್ಕಿಸ್ಕೊಂಡು ನಿಮ್ಮ ತಟ್ಟೆ ನೋಡ್ತಾ ಕೂರ್ತಾರೆ. ನೋಡಿ ನೋಡಿ ಧೈರ್ಯ ತಗೊಂಡು ಬಂದು ಇನ್ನೊಂದು ಸಲ ಬಡಿಸು ಅಂತಾರೆ!

— ಅಯ್ಯೋ.

— ಅಯ್ಯೋ ಅಂತೀರಾ? ನೀವು ಇಲ್ಲಿ ಅಣಬೆ ತಿಂದಿದ್ದಕ್ಕೆ ಅವರು ಅಲ್ಲಿ ಮಾಂಸ ತಿಂದ್ರು! ನೀವು ಇಲ್ಲಿ ಸಣ್ಣಗಾದ್ರಿ, ಅವರ ಪ್ಯಾಂಟನ್ನ ನಾನು ಅಲ್ಲಿ ಬಿಚ್ಚಿ ಬಿಚ್ಚಿ ಅಗಲ ಮಾಡ್ದೆ. ತಿಂದೂ ಸಣ್ಣಗಾಗ್ತಿದಾರಲ್ಲ ಕಂಬಣ್ಣ, ಅವರು ತಿನ್ನೋ ಭಾಗಾನೇ ತಂದು ಹಾಕೋಣ, ಹಾಗಾದ್ರೂ ಉಳೀಲಿ ಅಂತ ಇವತ್ತು ಬಂದ್ರೆ...

ಅವಳ ದನಿ ಸೂಜಿಯ ಕಣ್ಣಿಂದ ಜಾರಿದ ದಾರದಂತೆ ಅಲ್ಲಿಗೇ ತಪ್ಪಿತು. ಕಂಬಣ್ಣನ ಹೆಂಡತಿ ಕೌಂಟರು ಬಿಟ್ಟು ಬಂದು ಅವಳ ತೋಳು ಹಿಡಿದಳು. ಕಂಬಣ್ಣ ಕತ್ತಿ ಹಿಡಿದುಕೊಂಡೇ ನಿಂತಿದ್ದ. ಗಿರಾಕಿ ಹೋದಾರು ಎಂದು ಹೆದರಿ ತಿಂದ ಒಂದೊಂದು ಅಣಬೆಯೂ ಎದುರಿನ ಬೀದಿಯಲ್ಲಿ ಒಬ್ಬ ಮನುಷ್ಯನ ತಟ್ಟೆಗೆ ಹೋಗಿ ಮಾಂಸವಾಗಿ ಬಿದ್ದಿತ್ತು ಎಂಬುದು ಅವನ ತಲೆಗೆ ಮೆಲ್ಲಮೆಲ್ಲನೆ ಇಳಿಯುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ವಾಚು ರಿಪೇರಿಯವರು ಏದುಸಿರು ಬಿಡುತ್ತ ನಿಂತಿದ್ದರು. ಲೆನ್ಸು ಇನ್ನೂ ಹಣೆಯ ಮೇಲೆಯೇ ಇತ್ತು.

— ಏನು ಜಗಳ? ಅಲ್ಲಿಂದ ನೋಡ್ತಿದ್ದೆ. ಇವಳ ಕೈ ಆಡ್ತಿತ್ತು, ನಿಮ್ಮ ಕತ್ತಿ ಆಡ್ತಿತ್ತು. ಯಾರಿಗೆ ಏನಾಯ್ತೋ ಅಂತ ಓಡಿಬಂದೆ.

— ಏನಿಲ್ಲ ಯಜಮಾನ್ರೇ. ಬನ್ನಿ, ಕೂತ್ಕೊಳ್ಳಿ.

— ನೀವು ಊಟ ಬಿಟ್ಟು ಎದ್ದಿದೀರಲ್ಲ! ನೋಡೇ, ಅವರ ತಟ್ಟೆ ನೋಡು. ಈ ವಯಸ್ಸಿನಲ್ಲಿ ಹೇಗೆ ತಿಂತಾರೆ! ಏನಾಗಿದೆ ಅವರಿಗೆ?

ಟೈಲರಮ್ಮ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

— ಕೇಳಿ. ಅವರನ್ನೇ ಕೇಳಿ, ಏನಾಗಿದೆ ಅಂತ.

— ಸಕ್ಕರೆ ಆಗಿದೆ, ಎಂದ ಕಂಬಣ್ಣ.

— ಯಾರಿಗೆ?

— ನನಗೆ. ಅದು ಮಾಂಸ ಅಲ್ಲ, ಅಣಬೆ.

ವಾಚಿನವರು ಲೆನ್ಸು ಕಣ್ಣಿಗಿಳಿಸಿ ತಟ್ಟೆ ನೋಡಿದರು. ಕೊರಡಿನ ಮೇಲಿದ್ದ ಹಸಿ ಅಣಬೆ ನೋಡಿದರು. ಮತ್ತೆ ತಟ್ಟೆ ನೋಡಿದರು. ಅವರ ಮುಖದಲ್ಲಿ ಒಂದೊಂದೇ ಚಕ್ರ ನಿಂತುಹೋಗುವುದು ಎಲ್ಲರಿಗೂ ಕಾಣುತ್ತಿತ್ತು.

— ಇಷ್ಟು ದಿನಾನೂ?

— ಇಷ್ಟು ದಿನಾನೂ.

— ಸೋಮವಾರ ಆ ಉದ್ದನೇ ತುಂಡು? ಎರಡೂ ಕೈಯಲ್ಲಿ ಹಿಡ್ಕೊಂಡು ತಿಂದ್ರಲ್ಲ?

— ಬದನೆಕಾಯಿ.

— ಕಣ್ಣು ಮುಚ್ಕೊಂಡು ತಲೆ ಆಡಿಸ್ತಾ ಇದ್ರಿ!

— ಅದು ದುಃಖಕ್ಕೆ.

— ಕಂಬಣ್ಣ, ನಾನು ನಿಮ್ಮನ್ನ ನಂಬಿ ತಿಂದೆನಲ್ಲ!

— ನಾನು ನಿಮಗೆಲ್ಲ ಹೆದರಿ ತಿಂದೆ.

ಯಾರೂ ನಗಲಿಲ್ಲ. ಕಂಬಣ್ಣ ಸ್ಟೂಲನ್ನು ಎಳೆದು ವಾಚಿನವರ ಮುಂದೆ ಇಟ್ಟ. ಅಪ್ಪನ ನಂತರ ಅದರ ಮೇಲೆ ಬೇರೆ ಯಾರನ್ನೂ ಅವನು ಕೂರಿಸಿರಲಿಲ್ಲ.

— ಕೂತ್ಕೊಳ್ಳಿ. ಒಂದು ಮಾತು ಹೇಳ್ತೀನಿ. ನಮ್ಮಪ್ಪ ಕೊನೆ ಕೊನೆಗೆ ಮಾಂಸಾನ ಕೈಯಲ್ಲಿ ತಡವಿ ತಡವಿ ಕತ್ತರಿಸ್ತಿದ್ರು. ಎಷ್ಟು ಚೆನ್ನಾಗಿ ಕೈಯಳತೆ ಕೂತಿದೆ ಅಂತ ಗಿರಾಕಿಗಳು ಹೊಗಳ್ತಿದ್ರು. ಕೈಯಳತೆ ಅಲ್ಲ. ಕಣ್ಣು ಹೋಗಿತ್ತು. ಈ ಕಾಯಿಲೇನೇ ತಗೊಂಡಿದ್ದು. ಯಾರಿಗೂ ಹೇಳ್ಬೇಡ ಅಂದಿದ್ರು ನನಗೆ. ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ.

ವಾಚಿನವರು ಲೆನ್ಸು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, ಅದರೊಂದಿಗೇ ಮಾತಾಡುವವರಂತೆ ಹೇಳಿದರು.

— ನನಗೂ ಸ್ವಲ್ಪ ದಿನದಿಂದ ಸೆಕೆಂಡಿನ ಮುಳ್ಳು ಒಂದೊಂದು ಸಲ ಎರಡಾಗಿ ಕಾಣುತ್ತೆ.

— ಏನಂದ್ರಿ? ನನಗೆ ಯಾಕೆ ಹೇಳ್ಲಿಲ್ಲ? ಎಂದಳು ಟೈಲರಮ್ಮ.

— ಹೇಳಿದ್ರೆ ನೀನು ತಟ್ಟೆ ಪೂರ್ತಿ ಕಿತ್ಕೊಳ್ತಿದ್ದೆ.

ಟೈಲರಮ್ಮ ಅಳುವುದಕ್ಕೆಂದು ತೆಗೆದ ಬಾಯಲ್ಲಿ ಬೈಗುಳವೇ ಬಂತು.

— ಅದಕ್ಕೇ ನಿಮಗೆ ಅಣಬೆ ಮಾಂಸದ ಥರ ಕಂಡಿದ್ದು! ವಾಚು ಬಿಚ್ಚೋ ಕಣ್ಣಂತೆ, ಬದನೆಕಾಯಿ ಗೊತ್ತಾಗ್ಲಿಲ್ಲ. ಏಳಿ ಮೇಲೆ. ಈಗ್ಲೇ ಡಾಕ್ಟರಮ್ಮನ ಹತ್ತಿರ.

— ಅಂಗಡಿ ಬಾಗಿಲು ತೆಗೆದೇ ಇದೆ ಕಣೇ.

— ಇರ್ಲಿ. ನಿಂತಿರೋ ಗಡಿಯಾರಗಳು, ಎಲ್ಲಿಗೂ ಓಡಿಹೋಗಲ್ಲ.

ಈಗ ನಗು ಬಂತು. ಮೊದಲು ಕಂಬಣ್ಣನ ಹೆಂಡತಿಗೆ, ಆಮೇಲೆ ಎಲ್ಲರಿಗೂ, ಕೊನೆಗೆ ಬೇಸರದಿಂದಲೇ ವಾಚಿನವರಿಗೂ. ಅವರು ಸ್ಟೂಲಿನಿಂದ ಇಳಿಯುವ ಮುಂಚೆ ತಟ್ಟೆಯಿಂದ ಒಂದು ತುಂಡು ಎತ್ತಿ, ಅನುಮಾನದಿಂದಲೇ ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಎತ್ತಿದರು.

— ಅತ್ತಿಗೆ, ಇದನ್ನ ಹೇಗೆ ಮಾಡೋದು ಅಂತ ಇವಳಿಗೆ ಹೇಳಿಕೊಡಿ. ಕಂಬಣ್ಣ, ನಾಳೆ ಊಟಕ್ಕೆ ಕೂರೋವಾಗ ಏನು ತಿಂತಿದೀರಿ ಅಂತ ಒಂದು ಕೂಗು ಹಾಕಿ. ಅಲ್ಲಿಂದ ನೋಡಿ ಊಹೆ 
ಮಾಡೋದು ನನಗೆ ಇನ್ನು ಬೇಡ.

— ಹಾಕ್ತೀನಿ. ಅಣಬೆ ದಿನ ಅಣಬೆ ಅಂತ, ಮಾಂಸದ ದಿನ ಮಾಂಸ ಅಂತ. ಬೀದಿಗೆಲ್ಲ ಕೇಳೋ ಹಾಗೆ. ಬರೋರು ಬರಲಿ, ಬಿಡೋರು ಬಿಡಲಿ.

— ಸದ್ಯಕ್ಕೆ ನಮಗೆ ವಾರಾ ವಾರಾ ತಗೊಳ್ತಿದ್ದುದರಲ್ಲಿ ಅರ್ಧ ಕೊಡಿ ಅಣ್ಣ. ವಾರಕ್ಕೆ ಇಷ್ಟೇ, ಎಂದಳು ಟೈಲರಮ್ಮ.

— ಅರ್ಧಾನಾ? ಎಂದರು ವಾಚಿನವರು.

— ಇನ್ನೊಂದು ಮಾತಾಡಿದ್ರೆ ಕಾಲು.

ವಾಚಿನವರು ಇನ್ನೊಂದು ಮಾತಾಡಲಿಲ್ಲ.

ಕಂಬಣ್ಣ ಕೊಬ್ಬು ಬಿಡಿಸಿ, ಒಳ್ಳೆಯ ತುಂಡನ್ನೇ ಆರಿಸಿ ಕತ್ತರಿಸಿದ. ಹೆಂಡತಿ ಪೊಟ್ಟಣ ಕಟ್ಟಿ, ಜೊತೆಗೆ ಉಳಿದ ಹಸಿ ಅಣಬೆಗಳನ್ನೂ ಕೊಟ್ಟಳು. ಬೀದಿಯ ಬಿಸಿಲಿನಲ್ಲಿ ಟೈಲರಮ್ಮ ಗಂಡನ ರಟ್ಟೆ ಹಿಡಿದು ನಡೆಸಿಕೊಂಡು ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಎಳೆದುಕೊಂಡು ಹೋಗುತ್ತಿದ್ದಾಳೋ, ಹಿಡಿದುಕೊಂಡು ಹೋಗುತ್ತಿದ್ದಾಳೋ ಹೇಳುವುದು ಕಷ್ಟವಾಗಿತ್ತು.

ಕಂಬಣ್ಣ ಸ್ಟೂಲು ಏರಿ ಕೂತ. ಹೆಂಡತಿ ಒಳಗೆ ಹೋಗಿ, ತಣ್ಣಗಾಗಿದ್ದ ತಟ್ಟೆಯನ್ನು ಬಿಸಿ ಮಾಡಿ ತಂದು ಅವನ ಮುಂದಿಟ್ಟಳು.

— ನೋಡಿದ್ಯಾ ನಿನ್ನ ಅಣಬೆ ಮಾಡಿದ ಕೆಲಸ? ಅಪ್ಪನ ಕಾಲದ ಗಿರಾಕಿ. ಒಂದೇ ಮಧ್ಯಾಹ್ನಕ್ಕೆ ಅರ್ಧಕ್ಕೆ ಇಳಿದ್ರು.

— ಇಳೀಲಿ ಬಿಡಿ. ಅರ್ಧ ಗಿರಾಕಿ ಹೋದ್ರೂ ನನಗೆ ಇಡೀ ಗಂಡ ಉಳಿದ.

ಅವನು ಒಂದು ತುತ್ತು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಕಣ್ಣಂಚಿನಲ್ಲಿ ಏನೋ ಮಿನುಗಿತು. ಅದನ್ನು ಮರೆಮಾಚಲು ಗಿರಾಕಿಯನ್ನು ಕೇಳುವ ದನಿಯಲ್ಲೇ ಕೇಳಿದ.

— ಇಡೀ ಗಂಡ ಅಂದ್ರೆ, ಮೂಳೆ ಸಮೇತ ತಾನೇ?

— ಮೂಳೆ ಸಮೇತ. ಮಾರಾಟಕ್ಕಿಲ್ಲ, ತಿನ್ನಿ.